‘ಸರ್, ಮೂರು ಸಲ ಆಯ್ತು’ ಅನ್ನಬಹುದಾ?

ಪ್ರಶ್ನೆ: ಮೂರು ವರ್ಷದಿಂದ ಅನಸ್ತೇಷಿಯಾ ಟೆಕ್ನಿಷಿಯನ್ (ಅರಿವಳಿಕೆ ಡಾಕ್ಟರಿಗೆ ನೆರವಾಗುವವರು) ಆಗಿ ಕೆಲಸ ಮಾಡುತ್ತಿದ್ದೇನೆ. ಮೊನ್ನೆ ನಮಗೆಲ್ಲ ಟೀಮ್‌ವರ್ಕ್ ತರಬೇತಿ ಇಟ್ಟಿದ್ದರು. ಹಿರಿಯರೊಬ್ಬರು ಅರ್ಧಕ್ಕೇ ಎದ್ದು, ‘ಇದೆಲ್ಲ ಮಾತಿನ ಮಲ್ಲರ ಕೆಲಸ, ಕೈಯಲ್ಲಿ ಕಸುಬಿದ್ದರೆ ಸಾಕು’ ಅಂತ ಹೇಳಿ ಹೊರಟರು. ತಂಡ ಚೆನ್ನಾಗಿದ್ದರೆ ಕೆಲಸ ನಿಜವಾಗಿ ಚೆನ್ನಾಗಿ ಆಗುತ್ತದೆ ಅನ್ನಲು ಪುರಾವೆ ಇದೆಯಾ? ಇನ್ನೊಂದು ವಿಷಯ. ಡಾಕ್ಟರ್ ರೋಗಿಯ ಗಂಟಲಿಗೆ ಉಸಿರಿನ ಟ್ಯೂಬ್ ಹಾಕಲು ಒದ್ದಾಡುತ್ತಿರುವಾಗ ಏನೋ ಸರಿಯಿಲ್ಲ ಅಂತ ಅನಿಸಿದರೆ ನನ್ನಂಥವರು ಬಾಯಿ ಬಿಡಬಹುದಾ? ಹೇಗೆ ಹೇಳಬೇಕು?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಮೊದಲು ಅದನ್ನು ಒಪ್ಪಿಕೊಂಡುಬಿಡೋಣ. ಮಾಸ್ಕ್ ಹಿಡಿದು ಉಸಿರು ಕೊಡಲು ಬಾರದ ಐದು ಜನ ಸೇರಿ ಎಷ್ಟೇ ನಯವಾಗಿ ಮಾತಾಡಿಕೊಂಡರೂ ರೋಗಿಯ ಎದೆ ಏಳುವುದಿಲ್ಲ. ಕಸುಬು ಬೇಕೇ ಬೇಕು. ತಂಡದ ತರಬೇತಿ ಅಂತ ಕರೆಸಿ ಬಲೂನು ಊದಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿ ಆಟ ಆಡಿಸುವುದು, ಇದನ್ನೆಲ್ಲ ನಾನೂ ನೋಡಿದ್ದೇನೆ. ಅಂಥ ಕಡೆಯಿಂದ ಎದ್ದು ಹೋದವರನ್ನು ನಾನು ಬೈಯಲಾರೆ.

ಆದರೆ ಕಸುಬಿದ್ದ ಮೂವರು ಒಂದೇ ಕೋಣೆಯಲ್ಲಿ ಇದ್ದಾಗ ಏನಾಯಿತು ಅನ್ನುವುದನ್ನು ಹೇಳುತ್ತೇನೆ, ಕೇಳಿ.

2005ರ ಮಾರ್ಚ್, ಇಂಗ್ಲೆಂಡ್. ಎಲೇನ್ ಬ್ರೋಮಿಲಿ ಅನ್ನುವ 37 ವರ್ಷದ ಮಹಿಳೆ, ಇಬ್ಬರು ಚಿಕ್ಕ ಮಕ್ಕಳ ತಾಯಿ. ಸೈನಸ್‌ಗೆ ಒಂದು ಮಾಮೂಲಿ ಆಪರೇಷನ್. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ತೆರೆದಿಡಲು ಆಗಲಿಲ್ಲ. ಗಂಟಲೊಳಗೆ ಕೂರಿಸುವ ಲ್ಯಾರಿಂಜಿಯಲ್ ಮಾಸ್ಕ್ ಸರಿಯಾಗಿ ಕೂರಲಿಲ್ಲ. ಟ್ಯೂಬ್ ಹಾಕಲು ನೋಡಿದರು, ಹೋಗಲಿಲ್ಲ. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ನೂರಕ್ಕೆ 40ಕ್ಕೆ ಇಳಿಯಿತು. ಕೋಣೆಯಲ್ಲಿ ಇಬ್ಬರು ಅನುಭವಿ ಅರಿವಳಿಕೆ ತಜ್ಞರಿದ್ದರು, ಜೊತೆಗೆ ಒಬ್ಬ ಇಎನ್‌ಟಿ ಸರ್ಜನ್. ಕುತ್ತಿಗೆಯಲ್ಲಿ ದಾರಿ ಮಾಡಬಲ್ಲವರು ಅಲ್ಲೇ ಇದ್ದರು. ಆದರೂ ಟ್ಯೂಬ್ ಹಾಕುವ ಪ್ರಯತ್ನವೇ ಮುಂದುವರಿಯಿತು. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಮಿದುಳಿಗೆ ಬೇಕಾದಷ್ಟು ಆಮ್ಲಜನಕ ಸಿಗಲಿಲ್ಲ. 13 ದಿನದ ನಂತರ ಆಕೆ ತೀರಿಕೊಂಡರು.

ಇದರಲ್ಲಿ ನನ್ನ ನಿದ್ದೆ ಕೆಡಿಸುವ ಭಾಗ ಇದಲ್ಲ. ಅಲ್ಲಿದ್ದ ನರ್ಸ್‌ಗಳದ್ದು. ಒಬ್ಬರು ಕುತ್ತಿಗೆಯಲ್ಲಿ ಉಸಿರಿಗೆ ದಾರಿ ಮಾಡುವ ಟ್ರಾಕಿಯಾಸ್ಟಮಿ ಸೆಟ್ ತಂದಿಟ್ಟು, ಸೆಟ್ ಇಲ್ಲಿದೆ ಅಂತ ಹೇಳಿದರು. ಯಾರೂ ತಲೆ ಎತ್ತಲಿಲ್ಲ. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಬೆಡ್ ಹಿಡಿದರು. ‘ಇಷ್ಟಕ್ಕೆಲ್ಲ ಯಾಕೆ’ ಅನ್ನುವ ಹಾಗೆ ಡಾಕ್ಟರುಗಳು ನೋಡಿದರು ಅನಿಸಿ, ಮತ್ತೆ ಫೋನ್ ಮಾಡಿ ಬೇಡ ಅಂದರು. ಏನು ಮಾಡಬೇಕಿತ್ತು ಅಂತ ತಮಗೆ ಗೊತ್ತಿತ್ತು, ಆದರೆ ಆ ಮಾತನ್ನು ಹೇಗೆ ಎತ್ತಬೇಕು ಅಂತ ಗೊತ್ತಾಗಲಿಲ್ಲ ಅಂತ ಆಮೇಲಿನ ವಿಚಾರಣೆಯಲ್ಲಿ ಹೊರಬಂತು.

ಗಮನಿಸಿದಿರಾ? ಆ ಕೋಣೆಯಲ್ಲಿ ತಿಳಿವಳಿಕೆ ಇತ್ತು. ಸಾಮಾನು ಇತ್ತು. ಮಾಡಬಲ್ಲ ಕೈಯೂ ಇತ್ತು. ಗೊತ್ತಿದ್ದವರ ಬಾಯಿಂದ ಮಾಡಬೇಕಾದವರ ಕಿವಿಗೆ ಮೂರು ಅಡಿ ದೂರ. ಮಾತು ಅಷ್ಟು ದೂರ ಹೋಗಲಿಲ್ಲ. ನಾನು ಟೀಮ್‌ವರ್ಕ್ ಅನ್ನುವುದು ಆ ಮೂರು ಅಡಿಗೆ. ಒಟ್ಟಿಗೆ ಟೀ ಕುಡಿಯುವುದು, ಹುಟ್ಟುಹಬ್ಬಕ್ಕೆ ಕೇಕ್ ತರಿಸುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಅದು ಬೇರೆ, ಇದು ಬೇರೆ. (ಎಲೇನ್ ಅವರ ಗಂಡ ಮಾರ್ಟಿನ್ ಬ್ರೋಮಿಲಿ ವಿಮಾನದ ಪೈಲಟ್. ವಿಮಾನಯಾನದಲ್ಲಿ ಇಂಥ ಮಾತುಕತೆಯನ್ನು ಪೈಲಟ್‌ಗಳಿಗೆ ಕೂರಿಸಿ ಕಲಿಸುತ್ತಾರೆ. ಆಸ್ಪತ್ರೆಗಳಲ್ಲೂ ಅದು ಬರಲಿ ಅಂತ ಅವರು 2007ರಲ್ಲಿ ಒಂದು ಗುಂಪನ್ನೇ ಕಟ್ಟಿದರು.)

ಈಗ ಪುರಾವೆಗೆ ಬರೋಣ.

ತಪ್ಪು ಎಲ್ಲಿ ಆಗುತ್ತದೆ ಅಂತ ಅರಿವಳಿಕೆಯಲ್ಲಿ ಮೊದಲು ಸರಿಯಾಗಿ ಕೆದಕಿದವರಲ್ಲಿ ಜೆಫ್ರಿ ಕೂಪರ್ ಒಬ್ಬರು. ಅವರು ಡಾಕ್ಟರ್ ಅಲ್ಲ, ಎಂಜಿನಿಯರ್. 1978ರಲ್ಲಿ ಅವರ ತಂಡ ತಡೆಯಬಹುದಾಗಿದ್ದ 359 ಘಟನೆಗಳನ್ನು ಬಿಡಿಸಿ ನೋಡಿತು. ಮೆಷಿನ್ ಕೆಟ್ಟು ಆದದ್ದು ನೂರಕ್ಕೆ 14. ಮನುಷ್ಯರ ಕೈತಪ್ಪಿನಿಂದ ಆದದ್ದು ನೂರಕ್ಕೆ 82. ಸರ್ಕ್ಯೂಟ್ ಕಳಚಿಕೊಳ್ಳುವುದು, ಗ್ಯಾಸಿನ ನಾಬ್ ಗೊತ್ತಿಲ್ಲದೆ ತಿರುಗುವುದು, ಸಿರಿಂಜ್ ಅದಲು ಬದಲಾಗುವುದು. ಇವತ್ತಿಗೂ ಆಪರೇಷನ್ ಥಿಯೇಟರಿನಲ್ಲಿ ನಾವು ನೋಡುವ ಪಟ್ಟಿಯೇ ಅಲ್ವಾ? ಇವು ಯಾವುವೂ ಓದು ಸಾಲದೆ ಆದ ತಪ್ಪುಗಳಲ್ಲ. ಪಕ್ಕದಲ್ಲಿರುವ ಇನ್ನೊಂದು ಜೋಡಿ ಕಣ್ಣು ಹಿಡಿಯಬಹುದಾದ ತಪ್ಪುಗಳು.

ತಂಡದ ಕೆಲಸವನ್ನು ನೇರವಾಗಿ ಅಳೆದವರೂ ಇದ್ದಾರೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಬ್ಬ ರೆಸಿಡೆಂಟ್ (ತಜ್ಞರಾಗಲು ಕಲಿಯುತ್ತಿರುವ ಡಾಕ್ಟರ್) ಮತ್ತು ಒಬ್ಬ ನರ್ಸ್ ಇದ್ದ 31 ಜೋಡಿಗಳಿಗೆ ಬೊಂಬೆಯ ಮೇಲೆ ಅರಿವಳಿಕೆ ಕೊಡಲು ಹೇಳಿದರು. ನಡುವೆ ಬೇಕಂತಲೇ ತೊಂದರೆ ತಂದಿಟ್ಟರು. ನರ್ಸ್ ಜಾಸ್ತಿ ಬಾಯಿ ಬಿಟ್ಟ ಜೋಡಿಗಳಲ್ಲಿ ಕೆಲಸ ಚೆನ್ನಾಗಿ ನಡೆಯಿತು. 2019ರಲ್ಲಿ ಬೇರೆ ಬೇರೆ ವಿಭಾಗಗಳ ಒಟ್ಟು 1,390 ತಂಡಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗಲೂ ತಂಡದ ಹೊಂದಾಣಿಕೆಗೂ ಕೆಲಸದ ಗುಣಮಟ್ಟಕ್ಕೂ ನಂಟು ಕಂಡಿತು. ನಂಟು ಸಾಧಾರಣ ಮಟ್ಟದ್ದು, ಆದರೆ ಇದೆ. ನೀವು ಕೇಳಬಹುದು, ಬೊಂಬೆ ಸಾಯುವುದಿಲ್ಲವಲ್ಲ ಅಂತ. ಸರಿ. ಇಂಥ ಅಧ್ಯಯನಗಳ ಮಿತಿಯೇ ಅದು. ಆದರೆ ನಿಜವಾದ ರೋಗಿಯ ಉಸಿರು ನಿಲ್ಲಿಸಿ ಪ್ರಯೋಗ ಮಾಡಲು ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನಾಟಿದ್ದು 2019ರ ಇನ್ನೊಂದು ಪ್ರಯೋಗ. ಅರಿವಳಿಕೆಯ ರೆಸಿಡೆಂಟ್‌ಗಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಒಂದೇ ಅಣಕು ಕೇಸ್: ಒಳಗೊಳಗೇ ರಕ್ತ ಸೋರುತ್ತಿದೆ, ಹೊರಗೆ ಕಾಣುತ್ತಿಲ್ಲ. ಒಂದೇ ವ್ಯತ್ಯಾಸ ಅಂದರೆ, ಒಂದು ಗುಂಪಿಗೆ ಸಿಕ್ಕ ಸರ್ಜನ್ ಮರ್ಯಾದೆಯಿಂದ ಮಾತಾಡಿದರು, ಇನ್ನೊಂದು ಗುಂಪಿಗೆ ಸಿಕ್ಕವರು ಒರಟಾಗಿ. ಮೊದಲ ಗುಂಪಿನಲ್ಲಿ ನೂರಕ್ಕೆ 91 ಜನ ನಿರೀಕ್ಷಿಸಿದ ಮಟ್ಟದಲ್ಲಿ ಕೇಸ್ ನಿಭಾಯಿಸಿದರು. ಒರಟು ಮಾತು ಕೇಳಿದ ಗುಂಪಿನಲ್ಲಿ ಅದು ಸುಮಾರು 64ಕ್ಕೆ ಇಳಿಯಿತು. ಎಚ್ಚರ, ರೋಗ ಹಿಡಿಯುವುದು, ಮಾತುಕತೆ, ರೋಗಿಯನ್ನು ನೋಡಿಕೊಳ್ಳುವುದು, ಎಲ್ಲದರಲ್ಲೂ ಕುಸಿತ. ತಮಾಷೆ ಏನು ಗೊತ್ತಾ? ತಾವು ಹೇಗೆ ಮಾಡಿದೆವು ಅಂತ ಅವರನ್ನೇ ಕೇಳಿದಾಗ ಎರಡು ಗುಂಪಿನವರ ಉತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಾವು ಕೆಟ್ಟದಾಗಿ ಮಾಡಿದ್ದು ಅವರಿಗೇ ಗೊತ್ತಾಗಿರಲಿಲ್ಲ.

‘ಅವರು ಸ್ವಲ್ಪ ಸಿಡುಕರು, ಆದರೆ ಕೈ ಒಳ್ಳೆಯದು’ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಅವರ ಕೈ ಒಳ್ಳೆಯದಿರಬಹುದು. ಪಕ್ಕದಲ್ಲಿದ್ದವರ ಕೈಯನ್ನು ಅವರು ಕೆಡಿಸುತ್ತಿದ್ದಾರೆ.

ಇನ್ನು ಚೆಕ್‌ಲಿಸ್ಟ್ ವಿಷಯ. ನಿಮ್ಮ ಹಿರಿಯರ ಕೈಗೆ ಸಿಗುವ ಒಳ್ಳೆಯ ವಾದ ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ಎಂಟು ನಗರಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಕೊಟ್ಟರು. ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಜಗತ್ತೆಲ್ಲ ಹೌಹಾರಿತು. 2014ರಲ್ಲಿ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳನ್ನು ನೋಡಿದಾಗ ಅದೇ ಚೆಕ್‌ಲಿಸ್ಟಿನಿಂದ ಗಣನೀಯ ಲಾಭ ಕಾಣಲಿಲ್ಲ. ಯಾಕೆ ಅನ್ನುವ ಜಗಳ ಈಗಲೂ ಇದೆ. ನನ್ನ ಅನಿಸಿಕೆ ಇಷ್ಟು: ಹಾಳೆಯಲ್ಲಿ ಟಿಕ್ ಹಾಕುವುದಕ್ಕೂ ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿ ಓದುವುದಕ್ಕೂ ಅಜಗಜಾಂತರ. ರೋಗಿಯನ್ನು ವಾರ್ಡಿಗೆ ಕಳಿಸಿದ ಮೇಲೆ ಚೆಕ್‌ಲಿಸ್ಟಿನ ಮೂರೂ ಹಂತಕ್ಕೆ (ಅರಿವಳಿಕೆಗೆ ಮುಂಚೆ, ಕತ್ತರಿಸುವ ಮುಂಚೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ) ಒಟ್ಟಿಗೆ ಟಿಕ್ ಹಾಕಿದ ಹಾಳೆಗಳನ್ನು ನಾನು ನೋಡಿದ್ದೇನೆ. ನೀವೂ ನೋಡಿರುತ್ತೀರಿ. ಅದಕ್ಕಿಂತ ಹಾಕದೇ ಇರುವುದು ಪ್ರಾಮಾಣಿಕ.

ಒಂದು ಲೆಕ್ಕ ಮಾಡೋಣ, ಆಮೇಲೆ ನಿಮ್ಮ ಎರಡನೇ ಪ್ರಶ್ನೆ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಗೊತ್ತಲ್ಲ? ಕೆಲವು ಅರಿವಳಿಕೆ ಔಷಧಗಳಿಗೆ ಮೈ ತಿರುಗಿ ಬೀಳುವ ಕಾಯಿಲೆ. ಅಪರೂಪ, ಆದರೆ ಬಂದರೆ ಕೂರಲು ಬಿಡುವುದಿಲ್ಲ. ಮೈ ಬಿಸಿ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಹೋಗುತ್ತದೆ. ಔಷಧ ಡ್ಯಾಂಟ್ರೋಲೀನ್. ಮೊದಲ ಡೋಸ್ ಕೆ.ಜಿ.ಗೆ 2.5 ಮಿ.ಗ್ರಾಂ. 70 ಕೆ.ಜಿ. ರೋಗಿಗೆ 175 ಮಿ.ಗ್ರಾಂ. ಹಳೆಯ ಬಗೆಯ ವಯಲ್‌ನಲ್ಲಿ (ಔಷಧದ ಪುಟ್ಟ ಬಾಟಲಿ) ಇರುವುದು 20 ಮಿ.ಗ್ರಾಂ. ಅಂದರೆ 9 ವಯಲ್. ಒಂದೊಂದಕ್ಕೂ 60 ಎಂಎಲ್ ಸ್ಟೆರೈಲ್ ವಾಟರ್ ಹಾಕಿ, ಪುಡಿ ಪೂರ್ತಿ ಕರಗುವ ತನಕ ಕುಲುಕಬೇಕು. ಅರ್ಧ ಲೀಟರಿಗೂ ಮೇಲಾಯಿತು. ಇಷ್ಟರ ನಡುವೆ ವೇಪರ್ (ಉಸಿರಿನ ಜೊತೆ ಹೋಗುವ ಅರಿವಳಿಕೆ) ಬಂದ್ ಮಾಡಬೇಕು, ಆಕ್ಸಿಜನ್ ಫ್ಲೋ ಏರಿಸಬೇಕು, ಉಸಿರಾಟ ಹೆಚ್ಚಿಸಬೇಕು, ಮೈ ತಣಿಸಬೇಕು, ರಕ್ತ ಪರೀಕ್ಷೆಗೆ ಕಳಿಸಬೇಕು, ಬೇಗ ಮುಗಿಸಿ ಅಂತ ಸರ್ಜನ್‌ಗೆ ಹೇಳಬೇಕು. ಇದನ್ನು ಜಗತ್ತಿನ ಅತಿ ಜಾಣ ಡಾಕ್ಟರ್ ಒಬ್ಬರೇ ಮಾಡಲಿ ನೋಡೋಣ. ಇಲ್ಲಿ ಟೀಮ್‌ವರ್ಕ್ ಅನ್ನುವುದು ಸದ್ಗುಣ ಅಲ್ಲ, ಗಣಿತ.

ಸರಿ. ಈಗ ಟ್ಯೂಬ್.

ನೀವು ಬಾಯಿ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಕು. ಯಾಕೆ ಅನ್ನುವುದನ್ನು ಲ್ಯಾರಿಂಗೋಸ್ಕೋಪ್ (ಟ್ಯೂಬ್ ಹಾಕಲು ಗಂಟಲೊಳಗೆ ನೋಡುವ ಸಾಧನ) ಹಿಡಿದವರ ಕಡೆಯಿಂದ ಹೇಳುತ್ತೇನೆ. ಆ ಹೊತ್ತಿಗೆ ನಮ್ಮ ಲೋಕ ಅಂದರೆ ಗಂಟಲಿನ ಎರಡು ಇಂಚು ಜಾಗ. ಮಾನಿಟರ್ ಕಾಣುವುದಿಲ್ಲ. ಪಲ್ಸ್ ಆಕ್ಸಿಮೀಟರಿನ ಟಿಣ್ ಟಿಣ್ ಸದ್ದಿನ ಸ್ವರ ಇಳಿಯುವುದು ಮಾತ್ರ ಕೇಳಬೇಕು. ಅದೂ ಕೆಲವೊಮ್ಮೆ ಕಿವಿಗೆ ಬೀಳುವುದಿಲ್ಲ. ಬೆರಳಿನ ಪ್ರೋಬ್ ತೋರಿಸುವುದು ಹೇಗೂ ಸ್ವಲ್ಪ ಹಿಂದಿನ ಸುದ್ದಿ. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಹೊತ್ತಿನ ಅಂದಾಜು ತಪ್ಪಿಹೋಗುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಅರ್ಧ ನಿಮಿಷ ಆಗಿರಬಹುದು ಅಂದುಕೊಂಡು ಒದ್ದಾಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಗಡಿಯಾರ ನೋಡಿ, ‘ಡಾಕ್ಟ್ರೇ, ಎರಡು ನಿಮಿಷ ಆಯ್ತು’ ಅಂದರು. ನನಗೆ ನಂಬಿಕೆ ಬರಲಿಲ್ಲ. ತಲೆ ಎತ್ತಿ ನೋಡಿದರೆ 84. ಅವರು ಆಗಲೇ ಮಾಸ್ಕ್ ನನ್ನ ಎಡಗೈ ಪಕ್ಕ ಹಿಡಿದಿದ್ದರು. ಬೇರೇನೂ ಹೇಳಲಿಲ್ಲ. ಮಾಸ್ಕ್ ಹಿಡಿದೆ, 98ಕ್ಕೆ ಬಂತು. ಮುಂದಿನ ಸಲ ಅವರೇ ಬೂಜಿಯನ್ನು (ಟ್ಯೂಬಿಗೆ ದಾರಿ ತೋರಿಸುವ ತೆಳ್ಳನೆಯ ಕಡ್ಡಿ) ಕೈಗಿಟ್ಟರು.

ಇದಕ್ಕೆ ತಜ್ಞರು ಫಿಕ್ಸೇಶನ್ ಅನ್ನುತ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಅರಿವಳಿಕೆಯವರಿಗಾಗಿ ಸಿಮ್ಯುಲೇಟರ್ ತರಬೇತಿ ಬೆಳೆಸಿದ ಡೇವಿಡ್ ಗಾಬಾ ಇದರ ಮೂರು ಮುಖ ಕಲಿಸುತ್ತಾರೆ. ‘ಇದೇ, ಬೇರೆ ಇನ್ನೇನೂ ಅಲ್ಲ’ ಅನ್ನುವುದು ಒಂದು. ‘ಏನಾದರೂ ಇರಬಹುದು, ಅದೊಂದು ಮಾತ್ರ ಅಲ್ಲ’ ಅನ್ನುವುದು ಎರಡು. ‘ಏನೂ ಆಗಿಲ್ಲ, ಪ್ರೋಬ್ ಸರಿ ಕೂತಿಲ್ಲ ಅಷ್ಟೆ’ ಅನ್ನುವುದು ಮೂರು. ಮೂರರಲ್ಲೂ ಸಿಕ್ಕಿಬಿದ್ದವರಿಗೆ ತಾವು ಸಿಕ್ಕಿಬಿದ್ದದ್ದು ಗೊತ್ತಾಗುವುದಿಲ್ಲ. ಹೊರಗಿನವರೇ ಎಬ್ಬಿಸಬೇಕು. ಹೊರಗಿನವರು ಅಂದರೆ ಆ ಕ್ಷಣಕ್ಕೆ ನೀವು.

ಹೇಗೆ ಹೇಳುವುದು? ‘ಸರ್... ಸ್ಯಾಚುರೇಶನ್...’ ಅಂತ ಎಳೆದರೆ ಕೇಳಿಸುವುದಿಲ್ಲ. ‘ಸೆಟ್ ಇಲ್ಲಿದೆ’ ಅಂದರೂ ಏನಾಗುತ್ತದೆ ಅಂತ ಮೇಲೆ ನೋಡಿದಿರಿ. ಆ ಮಾತಿನಲ್ಲಿ ಸುದ್ದಿ ಇದೆ, ಏನು ಮಾಡಬೇಕು ಅನ್ನುವುದಿಲ್ಲ. ಸಂಖ್ಯೆ ಹೇಳಿ, ಎಷ್ಟನೇ ಸಲ ಅಂತ ಹೇಳಿ, ಮುಂದೇನು ಅಂತ ಹೇಳಿ. ‘ಸರ್, ಸ್ಯಾಚುರೇಶನ್ 82. ಮೂರು ಸಲ ಆಯ್ತು. ಮಾಸ್ಕ್ ಹಿಡಿಯೋಣ್ವಾ?’ ಅಷ್ಟೆ. ಉಸಿರು ಕಟ್ಟದೆ ಹೇಳಬಹುದಾದಷ್ಟು ಚಿಕ್ಕದು. ಮೂರು ಅನ್ನುವುದನ್ನು ನಾನು ಸುಮ್ನೆ ಆರಿಸಿದ್ದಲ್ಲ. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2015ರ ಮಾರ್ಗಸೂಚಿಯಲ್ಲಿ ಲ್ಯಾರಿಂಗೋಸ್ಕೋಪಿಗೆ ಮೂರೇ ಪ್ರಯತ್ನ. ನಾಲ್ಕನೆಯದು ಇದ್ದರೆ ಅದು ಇನ್ನೂ ಅನುಭವಿಗಳಾದವರದ್ದು. ಆಗದಿದ್ದರೆ ‘ಟ್ಯೂಬ್ ಆಗುತ್ತಿಲ್ಲ’ ಅಂತ ಗಟ್ಟಿಯಾಗಿ ಘೋಷಿಸಿ ಮುಂದಿನ ದಾರಿಗೆ ಹೋಗಬೇಕು. ಹಾಗಾಗಿ ನೀವು ಎಣಿಸುತ್ತಿದ್ದರೆ ಅದು ಅಧಿಕಪ್ರಸಂಗ ಅಲ್ಲ. ಅವರ ಕೈ ತುಂಬಿದೆ, ಎಣಿಕೆ ನಿಮ್ಮ ಕೆಲಸ.

ಮೊದಲ ಸಲ ಕೇಳದಿದ್ದರೆ ಎರಡನೇ ಸಲ ದನಿ ಬದಲಾಗಬೇಕು, ಪ್ರಶ್ನೆ ಬಿಟ್ಟು ನೇರಕ್ಕೆ ಬರಬೇಕು. ‘ಸರ್, 74. ನನಗೆ ಭಯ ಆಗ್ತಿದೆ. ಈಗ ನಿಲ್ಲಿಸಿ, ಆಕ್ಸಿಜನ್ ಕೊಡೋಣ.’ ಅದೂ ಆಗದಿದ್ದರೆ ಸರ್ಜನ್ ಕಡೆ ತಿರುಗಿ, ಅವರ ಹೆಸರು ಹಿಡಿದು ಹೇಳಿ. ಹೊರಗಿನಿಂದ ಇನ್ನೊಬ್ಬ ಅರಿವಳಿಕೆ ಡಾಕ್ಟರನ್ನು ಕರೆಸಿ. ಕರೆಸಲು ಅಪ್ಪಣೆ ಕೇಳಬೇಡಿ. ‘ಕರೆಸಲಾ?’ ಅಂತ ಕೇಳಿದರೆ ಒದ್ದಾಡುತ್ತಿರುವವರು ಹತ್ತಕ್ಕೆ ಒಂಬತ್ತು ಸಲ ‘ತಡಿ’ ಅನ್ನುತ್ತಾರೆ. ‘ಕರೆಸಿದ್ದೇನೆ ಸರ್, ಬರ್ತಿದ್ದಾರೆ’ ಅನ್ನಿ. ಬಂದವರು ಬೇಡವಾಗಿದ್ದರೆ ವಾಪಸ್ ಹೋಗುತ್ತಾರೆ, ನಷ್ಟ ಏನು?

ಇದು ನಿಮ್ಮ ಕಡೆಯಿಂದ ಹೊರಗೆ ಹೋಗುವ ಮಾತು. ಒಳಗೆ ಬರುವ ಮಾತಿಗೂ ಒಂದು ಕ್ರಮ ಇದೆ. ‘ಯಾರಾದ್ರೂ ಅಡ್ರಿನಲಿನ್ ತೆಗೀರಿ’ ಅಂತ ಡಾಕ್ಟರ್ ಗಾಳಿಗೆ ಹೇಳಿದರೆ ಒಂದೋ ಮೂವರು ತೆಗೆಯುತ್ತಾರೆ, ಇಲ್ಲ ಯಾರೂ ತೆಗೆಯುವುದಿಲ್ಲ. ಅದನ್ನು ನೀವು ಹಿಡಿದುಕೊಳ್ಳಿ. ‘ನಾನು ತೆಗೀತೀನಿ ಸರ್, ಅಡ್ರಿನಲಿನ್, ಎಷ್ಟು?’ ಕೊಟ್ಟ ಮೇಲೆ ‘ಹೋಯ್ತು’ ಅನ್ನಿ. ಚಿಕ್ಕ ವಿಷಯ ಅನಿಸುತ್ತದೆ. ಆದರೆ ಗಲಾಟೆಯಲ್ಲಿ ಕೊಟ್ಟಿದ್ದಾರೋ ಇಲ್ಲವೋ ಅಂತ ಗೊತ್ತಿಲ್ಲದ ಔಷಧಕ್ಕಿಂತ ಅಪಾಯದ್ದು ಬೇರೆ ಇಲ್ಲ.

ಒಂದು ವಿಷಯ ಮರೆತೇ ಹೋಗಿತ್ತು. ಇದೆಲ್ಲ ಕೇಸ್ ಕೆಟ್ಟ ಮೇಲಿನ ಮಾತು. ಇದಕ್ಕಿಂತ ಸುಲಭವಾದದ್ದು ಕೇಸ್ ಶುರುವಾಗುವ ಮೊದಲಿನದು. ರೋಗಿ ಒಳಗೆ ಬರುವ ಮುಂಚೆ, ಲ್ಯಾರಿಂಗೋಸ್ಕೋಪಿನ ಬಲ್ಬ್ ನೋಡುತ್ತಾ, ಸಕ್ಷನ್ ಇದೆಯಾ ಅಂತ ನೋಡುತ್ತಾ ಕೇಳಿ: ‘ಸರ್, ಟ್ಯೂಬ್ ಹೋಗದಿದ್ದರೆ ಮೊದಲು ಏನು ತೆಗೆದಿಡಲಿ?’ ಇದರಲ್ಲಿ ಸವಾಲು ಇಲ್ಲ, ಬರೀ ತಯಾರಿ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಡಾಕ್ಟರ್ ತಮ್ಮ ಪ್ಲಾನನ್ನು ಬಾಯಲ್ಲಿ ಹೇಳಲೇಬೇಕು. ಹೇಳಿದ ಮೇಲೆ ಅದು ಇಬ್ಬರ ಪ್ಲಾನ್. ರೋಗಿ ಮೇಜಿನ ಮೇಲೆ ಮಲಗಿ ಮಾಸ್ಕಿನಲ್ಲಿ ಮೂರು ನಿಮಿಷ ಆಕ್ಸಿಜನ್ ಎಳೆಯುತ್ತಿರುವಾಗ ಮಾತ್ರ ಕೇಳಬೇಡಿ. ಅವರಿಗೆ ಎಚ್ಚರ ಇರುತ್ತದೆ, ಪಾಪ, ಎಲ್ಲ ಕೇಳಿಸುತ್ತದೆ. ಆ ಮೂರು ನಿಮಿಷವನ್ನು ಕಳ್ಳತನ ಮಾಡಲು ಬಿಡಬೇಡಿ ಕೂಡ. ಆರೋಗ್ಯವಂತ ದೊಡ್ಡವರಲ್ಲಿ ಅದನ್ನು ಸರಿಯಾಗಿ ಮಾಡಿದರೆ ಉಸಿರು ನಿಂತ ಮೇಲೂ ಸುಮಾರು ಎಂಟು ನಿಮಿಷ ಸ್ಯಾಚುರೇಶನ್ 90ರ ಮೇಲೆ ಇರುತ್ತದೆ. ಮಾಡದಿದ್ದರೆ ಒಂದೆರಡು ನಿಮಿಷವೂ ಕಷ್ಟ. ದಪ್ಪಗಿರುವವರಲ್ಲಿ, ಗರ್ಭಿಣಿಯರಲ್ಲಿ, ಮಕ್ಕಳಲ್ಲಿ ಇನ್ನೂ ಕಡಿಮೆ.

ಬೈದರೆ ಏನು ಮಾಡುವುದು ಅಂತ ನೀವು ಬರೆದಿಲ್ಲ, ಆದರೆ ಪ್ರಶ್ನೆಯ ಒಳಗೆ ಅದು ಇದೆ. ಬೈಯಬಹುದು. ಬೈಯುವುದಿಲ್ಲ ಅಂತ ನಾನು ಸುಳ್ಳು ಭರವಸೆ ಕೊಡಲಾರೆ. ಕೇಸ್ ಮುಗಿದ ಮೇಲೆ, ಕೈ ತೊಳೆಯುವ ಹೊತ್ತಿನಲ್ಲಿ, ಬೇರೆ ಯಾರೂ ಇಲ್ಲದಾಗ ಕೇಳಿ: ‘ಸರ್, ಅಂಥ ಹೊತ್ತಿನಲ್ಲಿ ನಾನು ಹೇಗೆ ಹೇಳಿದರೆ ನಿಮಗೆ ಅನುಕೂಲ?’ ಕೆಲವರು ಮೆತ್ತಗಾಗುತ್ತಾರೆ. ಮೆತ್ತಗಾಗದವರ ವಿಷಯ ನಿಮ್ಮೊಬ್ಬರ ಹೆಗಲ ಮೇಲೆ ಇರಬಾರದು, ಅದು ವಿಭಾಗದ ಮುಖ್ಯಸ್ಥರ ಕೆಲಸ. ಇದನ್ನು ಓದುತ್ತಿರುವ ಡಾಕ್ಟರುಗಳಿಗೂ ಒಂದು ಮಾತು. ಬೆಳಗ್ಗೆ ಮೊದಲ ಕೇಸಿನ ಮುಂಚೆ ‘ನಾನು ತಪ್ಪು ಮಾಡ್ತಿದ್ದರೆ ಹೇಳಿ’ ಅಂತ ನೀವೇ ಅಂದುಬಿಟ್ಟರೆ ಈ ಉತ್ತರದ ಮುಕ್ಕಾಲು ಪಾಲು ಬೇಡವಾಗುತ್ತದೆ.

ನಾನೇನೂ ಹುಟ್ಟುತ್ತಲೇ ಹಾಗೆ ಅನ್ನುತ್ತಿದ್ದವನಲ್ಲ. ಕೆಲವು ವರ್ಷದ ಹಿಂದೆ ಕೇಸ್ ಮುಗಿಯುವ ಹೊತ್ತಿಗೆ ವಾಂತಿ ತಡೆಯುವ ಔಷಧ ಅಂದುಕೊಂಡು ಸ್ನಾಯು ಸಡಿಲಿಸುವ ಔಷಧದ ಸಿರಿಂಜ್ ಎತ್ತಿಕೊಂಡು ಕೊಟ್ಟುಬಿಟ್ಟೆ. ಎರಡೂ ಒಂದೇ ಅಳತೆಯ ಸಿರಿಂಜ್. ರೋಗಿಯನ್ನು ಮತ್ತೆ ಮಲಗಿಸಿ, ಮುಕ್ಕಾಲು ಗಂಟೆ ವೆಂಟಿಲೇಟರ್‌ನಲ್ಲಿಟ್ಟು, ಆಮೇಲೆ ಎಬ್ಬಿಸಿದೆವು. ಏನೂ ತೊಂದರೆ ಆಗಲಿಲ್ಲ. ಅವರಿಗೂ ಮನೆಯವರಿಗೂ ಆದದ್ದನ್ನು ಹೇಳಿದೆ. ಹೊರಗೆ ಬಂದಾಗ ನಮ್ಮ ಟೆಕ್ನಿಷಿಯನ್ ಹುಡುಗ ಹೇಳಿದ: ‘ಸರ್, ನೀವು ಆ ಸಿರಿಂಜ್ ತಗೊಂಡಾಗಲೇ ನನಗೆ ಡೌಟ್ ಬಂತು.’ ಮತ್ತೆ ಯಾಕಪ್ಪಾ ಹೇಳಲಿಲ್ಲ ಅಂದೆ. ‘ನೀವು ಏನೋ ಯೋಚನೆ ಮಾಡಿಯೇ ತಗೊಂಡಿರ್ತೀರಿ ಅಂದ್ಕೊಂಡೆ.’

ಅವನು ನನ್ನ ಮೇಲಿನ ಗೌರವಕ್ಕೆ ಸುಮ್ಮನಿದ್ದ. ಆ ದಿನದಿಂದ ಅವನಿಗೆ ಒಂದೇ ಕೆಲಸ ಹೇಳಿದ್ದೇನೆ: ಯಾವ ಸಿರಿಂಜ್ ನನ್ನ ಕೈಗೆ ಬಂದರೂ ಅದರ ಮೇಲಿನ ಹೆಸರು, ಎಷ್ಟು ಅನ್ನುವುದನ್ನು ಗಟ್ಟಿಯಾಗಿ ಓದಿಯೇ ಕೊಡಬೇಕು, ನಾನು ಕೇಳಲಿ ಬಿಡಲಿ. ಓದುತ್ತಾನೆ. ಅವಸರದಲ್ಲಿದ್ದಾಗ ನಾನು ‘ಗೊತ್ತು ಕಣಯ್ಯ, ಕೊಡು’ ಅಂತ ರೇಗುವುದೂ ಉಂಟು. ಆಗಲೂ ಪೂರ್ತಿ ಓದಿ ಮುಗಿಸಿಯೇ ಕೈಗೆ ಕೊಡುತ್ತಾನೆ.